ದುಡ್ಡು ಯಾರದು, ಶಾಲೆ ಯಾರದು?

ಕಳೆದ ಸಂಚಿಕೆ ವಾಚಕರ ಕೈಸೇರಿದ ಬಳಿಕ ನಮಗೆ ಬಂದ ಕಾಗದಗಳಲ್ಲಿ ಮೂರು ಒಂದೇ ವಿಷಯವನ್ನು ಕುರಿತವಾಗಿವೆ. ಒಂದು ಮುಂಬಯಿಯ ಉಪನಗರವೊಂದರಿಂದ ಬಂದುದು; ಇನ್ನೊಂದು ಪುಣೆಯಿಂದ; ಮೂರನೆಯದು ನಮ್ಮ ಹಳೆಯ ಸದಸ್ಯರೊಬ್ಬರದು, ತಾವು ಎಲ್ಲಿಂದ ಬರೆಯುತ್ತಿದ್ದೇವೆಂಬುದನ್ನು ಹೇಳಕೂಡದೆಂದು ಅವರು ವಿನಂತಿಸಿದ್ದಾರೆ. ಮೂವರೂ ಸಿಟ್ಟಿನಲ್ಲಿದ್ದಾರೆ. ಸಾರ್ವಜನಿಕರ ಹಣದಿಂದ ನಡೆಯುವ ಶಾಲೆಯೊಂದಕ್ಕೆ ಖರ್ಚಾದ, ಇಲ್ಲವೆ ಖರ್ಚಾಗದೆ ಉಳಿದ ದುಡ್ಡಿನ ಮಾತನ್ನೇ ಮೂವರೂ ಎತ್ತಿದ್ದಾರೆ. ತಮ್ಮ ಮಕ್ಕಳಾಗಲಿ ಮೊಮ್ಮಕ್ಕಳಾಗಲಿ ಆ ಶಾಲೆಯಲ್ಲಿ ಓದುತ್ತಿಲ್ಲವೆಂಬುದನ್ನೂ ಮೂವರೂ ಮುಚ್ಚಿಡದೆ ಬರೆದಿದ್ದಾರೆ. ಈ ಪ್ರಾಮಾಣಿಕತೆಗಾಗಿಯೇ ನಾವು ಈ ಸಲದ ಪುಟಗಳನ್ನು ಅವರಿಗೆ ಬಿಟ್ಟುಕೊಡಬೇಕೆಂದು ಮಾಡಿದೆವು.

ಮುಂಬಯಿಯ ಪತ್ರದ ಸಂಗತಿ ಹೀಗಿದೆ. ಮುನಿಸಿಪಲ್ ಶಾಲೆಯೊಂದರ ಕಟ್ಟಡ. ಒಂದೇ ಸೂರಿನಡಿಯಲ್ಲಿ ಬೆಳಿಗ್ಗೆ ಒಂದು ಭಾಷೆ, ಮಧ್ಯಾಹ್ನ ಇನ್ನೊಂದು ಭಾಷೆ. ಮುಂಬಯಿಯ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುವುದನ್ನು ಬಲ್ಲವರಿಗೆ ಇದು ಹೊಸದಲ್ಲ. ಕನ್ನಡದ ತರಗತಿಗಳೂ ಅಲ್ಲಿವೆ. ಶಾಲೆಯ ಮುಂದೆ ಒಂದು ಬಯಲು. ಸುತ್ತಲಿನ ಸೊಸೈಟಿಗಳ ಹಿರಿಯರು ಸಂಜೆ ಅಲ್ಲಿ ತಿರುಗಾಡುತ್ತಾರೆ, ರಾತ್ರಿ ಅಲ್ಲಿಯೇ ವಾಹನಗಳೂ ನಿಲ್ಲುತ್ತವೆ. ದುರಸ್ತಿಗೆಂದು ಹಣ ಬರುವ ಸುದ್ದಿ ಹಬ್ಬಿದಾಗ ನಿವಾಸಿಗಳ ಸಭೆ ಸೇರಿ ಬಯಲಿಗೆ ಕಲ್ಲು ಹಾಸಬೇಕು, ದೀಪ ಹಾಕಿಸಬೇಕು, ನಾಲ್ಕು ಬೆಂಚು ಇಡಿಸಬೇಕು ಎಂದು ಠರಾವು ಮಾಡಿತು. ಶಾಲೆಯ ವ್ಯವಸ್ಥಾಪನ ಸಮಿತಿಯಾದರೋ ಮೊದಲು ಹುಡುಗಿಯರ ಶೌಚಾಲಯ, ಅನಂತರ ನೀರಿನ ಟಾಕಿ, ಉಳಿದರೆ ಮಿಕ್ಕದ್ದು ಎಂದು ಬರೆದುಕೊಟ್ಟಿತು. ಬಯಲಿನಲ್ಲಿ ವಾಹನ ನಿಲ್ಲಿಸಕೂಡದೆಂದೂ ಒಂದು ಸಾಲು ಸೇರಿಸಿತು. ಅಲ್ಲಿಂದ ಜಗಳ.

ಸಮಿತಿಯ ಅಧ್ಯಕ್ಷೆ ಕಲಬುರಗಿ ಕಡೆಯ ತಾಯಿಯೊಬ್ಬಳು, ಮೂರು ಮನೆಗಳ ಅಡಿಗೆ ಮಾಡಿ ಸಂಸಾರ ತೂಗಿಸುವವಳು. “ತೆರಿಗೆ ಕಟ್ಟುವವರು ನಾವು, ತೀರ್ಮಾನ ಮಾಡುವವರು ಇವರೋ?” ಎಂದು ಒಬ್ಬ ಮಹಾಶಯರು ಸಭೆಯಲ್ಲಿ ಕೇಳಿದರಂತೆ. ಆಕೆ ಎದ್ದು ನಿಂತು, “ಸಾಹೇಬ್ರ, ನಿಮ್ಮ ಗಾಡಿ ನಿಂದರ್ಸಲಾಕ ಜಾಗಾ ಅದ, ನಮ್ಮ ಹುಡುಗ್ಯಾರಿಗಿ ಸಂಡಾಸಕ್ಕ ಹೋಗಲಾಕ ಜಾಗಾ ಇಲ್ಲರಿ” ಎಂದಳಂತೆ. ಪತ್ರ ಬರೆದವರು ನಿವಾಸಿಗಳ ಪಕ್ಷದವರೇ. ಆದರೂ ಆ ಮಾತನ್ನು ಒಂದಕ್ಷರ ಬಿಡದೆ ಬರೆದು ಕಳಿಸಿದ್ದಾರೆ. ಅದು ಅವರ ಮನಸ್ಸಿಗೆ ತಾಗಿದೆಯೆಂದೇ ನಾವು ತಿಳಿಯುತ್ತೇವೆ.

ತೆರಿಗೆಯ ವಾದವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮನೆಯ ತೆರಿಗೆಯ ಬಿಲ್ಲಿನಲ್ಲಿ ಶಿಕ್ಷಣದ ಉಪಕರವೆಂಬ ಬಾಬು ಒಂದಿರುವುದು ಮಹಾರಾಷ್ಟ್ರದ 1962ರ ಕಾನೂನಿನಿಂದ. ಕೇಂದ್ರ ಸರಕಾರವೂ 2004ರಲ್ಲಿ ಶೇಕಡಾ 2ರಂತೆ ಶಿಕ್ಷಣದ ಉಪಕರ ಹಾಕಿತು. 2018ರಿಂದ ಅದು ಆರೋಗ್ಯವನ್ನೂ ಕೂಡಿಸಿಕೊಂಡು ಆದಾಯ ತೆರಿಗೆಯ ಮೇಲೆ ಶೇಕಡಾ 4 ಆಗಿದೆ. ಕಟ್ಟಿದವರಿಗೆ ಲೆಕ್ಕ ಕೇಳುವ ಹಕ್ಕುಂಟು, ಸಂಶಯವಿಲ್ಲ. ಆದರೆ ಅಡಿಗೆಯ ತಾಯಿ ಏನೂ ಕಟ್ಟುವುದಿಲ್ಲವೆಂಬುದು ಯಾವ ಲೆಕ್ಕ? ಖೋಲಿಯ ಬಾಡಿಗೆಯಲ್ಲಿ ಮಾಲೀಕನ ತೆರಿಗೆ ಕೂಡಿಕೊಂಡೇ ಇರುತ್ತದೆ. ಅಂಗಡಿಯಲ್ಲಿ ಸಾಬೂನು ಕೊಂಡರೆ ಅದರ ಮೇಲಿನ ತೆರಿಗೆ ಆಕೆಗೂ ಅಷ್ಟೇ, ನಮಗೂ ಅಷ್ಟೇ. ವರಮಾನಕ್ಕೆ ಹೋಲಿಸಿದರೆ ಆಕೆಯ ಪಾಲೇ ಭಾರವಾದೀತು.

ಈ ವಾದ ಇಂದಿನದಲ್ಲ. ಗೋಪಾಲ ಕೃಷ್ಣ ಗೋಖಲೆಯವರು 1911ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ವೈಸರಾಯರ ಶಾಸನಸಭೆಯ ಮುಂದಿಟ್ಟಾಗ ಅವರು ಕೇಳಿದ್ದು ಹೆಚ್ಚೇನೂ ಅಲ್ಲ. ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ಮಾತ್ರ, ಅದೂ ಸ್ಥಳೀಯ ಸಂಸ್ಥೆ ತಾನಾಗಿ ಮುಂದೆ ಬಂದಲ್ಲಿ ಮಾತ್ರ. ತಿಂಗಳಿಗೆ ಹತ್ತು ರೂಪಾಯಿಗಿಂತ ಕಡಿಮೆ ವರಮಾನದ ತಂದೆಯಿಂದ ಫೀ ತೆಗೆದುಕೊಳ್ಳಬಾರದು. ಬೇಕಾದರೆ ಊರು ಶಿಕ್ಷಣಕ್ಕೆಂದು ಬೇರೆ ಕರ ಹಾಕಿಕೊಳ್ಳಲಿ. ಆ ಕರದ ಮಾತೇ ಅನೇಕರಿಗೆ ಕಹಿಯಾಯಿತು. 1912ರ ಮಾರ್ಚಿನಲ್ಲಿ 13 ಮತಗಳ ವಿರುದ್ಧ 38 ಮತಗಳಿಂದ ಮಸೂದೆ ಬಿದ್ದುಹೋಯಿತು. ವಿರೋಧಿಸಿದವರೆಲ್ಲ ಸರಕಾರಿ ಸದಸ್ಯರೇ ಆಗಿರಲಿಲ್ಲ, ನಮ್ಮ ಜಮೀನುದಾರರೂ ಇದ್ದರು. ಅಂಥ ಕಾನೂನು ಬ್ರಿಟಿಷ್ ಆಳ್ವಿಕೆಯ ಹಿಂದುಸ್ಥಾನದಲ್ಲಿ ಮೊದಲು ಬಂದುದು ಮುಂಬಯಿ ಇಲಾಖೆಯಲ್ಲಿಯೇ, 1918ರಲ್ಲಿ, ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಆಗ ಇದೇ ಇಲಾಖೆಯವು. ಆ ಕಡೆಯಿಂದ ಬಂದ ನಮ್ಮ ಅಜ್ಜಂದಿರು ‘ಸ್ಕೂಲ ಬೋರ್ಡಿನ ಸಾಲಿ’ ಎನ್ನುತ್ತಿದ್ದುದರ ಮೂಲ 1923ರ ಕಾನೂನಿನಲ್ಲಿದೆ. ಶಾಲೆಗಳ ಆಡಳಿತ ಊರಿನ ಮಂಡಳಿಗಳ ಕೈಗೆ ಬಂದುದು ಅದರಿಂದ. ಬೋರ್ಡಿನ ಚುನಾವಣೆ, ಮಾಸ್ತರರ ವರ್ಗಾವಣೆ, ಯಾವ ಓಣಿಯಲ್ಲಿ ಶಾಲೆ ಎಂಬ ಜಗಳ, ಇವೆಲ್ಲ ಅಂದೂ ಇದ್ದವು. ಈ ಜಗಳಗಳಲ್ಲಿ ಒಂದು ಪಕ್ಷದ ಸದ್ದೇ ಕೇಳುತ್ತಿರಲಿಲ್ಲ: ಮಗುವನ್ನು ಕಳಿಸುವ ತಾಯಿಯದು.

ಅದನ್ನು ಸರಿಪಡಿಸುವುದಕ್ಕೆಂದೇ 2009ರ ಶಿಕ್ಷಣ ಹಕ್ಕಿನ ಕಾನೂನು 21ನೆಯ ಕಲಮಿನಲ್ಲಿ ಶಾಲಾ ವ್ಯವಸ್ಥಾಪನ ಸಮಿತಿಯನ್ನು ವಿಧಿಸಿತು. ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು, ದುರ್ಬಲ ವರ್ಗದ ಮಕ್ಕಳಿದ್ದಷ್ಟಕ್ಕೆ ಅವರ ತಂದೆತಾಯಂದಿರಿಗೆ ಸ್ಥಾನವಿರಬೇಕು. ಶಾಲೆ ಹೇಗೆ ನಡೆಯುತ್ತಿದೆ, ಬಂದ ಅನುದಾನ ಎಲ್ಲಿ ಹೋಯಿತು ಎಂದು ನೋಡುವುದು ಅದರ ಕೆಲಸ. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಬರೆಯತಕ್ಕದ್ದೂ ಅದೇ. ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಆಟದ ಬಯಲು, ಸುತ್ತ ಆವಾರದ ಗೋಡೆ ಅಥವಾ ಬೇಲಿ, ಇವು ಅದೇ ಕಾನೂನಿನ ಪರಿಶಿಷ್ಟದಲ್ಲಿ ಬರೆದಿಟ್ಟ ಸಾಮಾನ್ಯ ಅಗತ್ಯಗಳು. ತಿರುಗಾಡುವವರ ಬೆಂಚು ಅಲ್ಲಿ ಇಲ್ಲ. ಕಲಬುರಗಿಯ ತಾಯಿ ಕಾನೂನನ್ನು ಓದಿರಲಿಕ್ಕಿಲ್ಲ. ಆಕೆ ಬರೆಸಿದ ಪಟ್ಟಿ ಮಾತ್ರ ಕಾನೂನಿನಂತೆಯೇ ಇದೆ.

ಹಾಗೆಂದು ಎಲ್ಲ ಸಮಿತಿಗಳೂ ಹೀಗೆ ನಡೆಯುತ್ತವೆಂದು ನಂಬುವಷ್ಟು ನಾವು ಸರಳರಲ್ಲ. ಎಷ್ಟೋ ಕಡೆ ಮುಖ್ಯೋಪಾಧ್ಯಾಯರು ಹೆಸರುಗಳನ್ನು ತಾವೇ ಬರೆದುಕೊಳ್ಳುತ್ತಾರೆ, ಠರಾವನ್ನೂ ತಾವೇ ಬರೆಯುತ್ತಾರೆ, ಪುಸ್ತಕ ಮನೆಗೆ ಹೋಗಿ ಸಹಿಯೊಡನೆ ಹಿಂತಿರುಗುತ್ತದೆ. ಸಭೆಯನ್ನು ಕರೆಯುವುದು ಹಗಲು ಹನ್ನೊಂದು ಗಂಟೆಗೆ. ಗಾರೆ ಕೆಲಸದ ತಂದೆ ಬಂದರೆ ಆ ದಿನದ ಕೂಲಿ ಹೋಯಿತು. ಬರದಿದ್ದರೆ ‘ಪಾಲಕರಿಗೆ ಆಸಕ್ತಿಯಿಲ್ಲ’ ಎಂದು ವರದಿಯಾಯಿತು. ಕೇಂದ್ರದ 2010ರ ಮಾದರಿ ನಿಯಮಗಳಂತೆ ತಿಂಗಳಿಗೊಂದು ಸಭೆ ನಡೆಯಬೇಕು, ನಡಾವಳಿ ಸಾರ್ವಜನಿಕರಿಗೆ ನೋಡಸಿಗಬೇಕು, ಹಣಕ್ಕೆ ಬೇರೆಯೇ ಖಾತೆಯಿದ್ದು ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು. ಬಯಲಿಗೆ ಕಲ್ಲು ಹಾಸಿರೆಂದು ಠರಾವು ಮಾಡಿದ ನಿವಾಸಿಗಳು ಆ ನಡಾವಳಿಯನ್ನು ಒಮ್ಮೆಯಾದರೂ ಕೇಳಿ ಓದಿದ್ದರೇ? ಪತ್ರದಲ್ಲಿ ಆ ಮಾತಿಲ್ಲ.

ಇದೇ ಮಹನೀಯರು ತಮ್ಮ ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಹೇಗಿರುತ್ತಾರೆಂಬುದನ್ನು ನಾವು ಬಲ್ಲೆವು. ಸೆಪ್ಟೆಂಬರ್ 30ರೊಳಗೆ ಸಭೆ ಕರೆಯದಿದ್ದರೆ ರಿಜಿಸ್ಟ್ರಾರರಿಗೆ ಅರ್ಜಿ! ಲಿಫ್ಟಿನ ದುರಸ್ತಿಗೆ ಮೂರು ಕೊಟೇಶನ್ನು ಏಕೆ ತರಿಸಲಿಲ್ಲ, ಸಿಂಕಿಂಗ್ ಫಂಡಿನ ಬಡ್ಡಿ ಎಲ್ಲಿ ಜಮೆಯಾಯಿತು, ಕಾವಲುಗಾರನ ದೀಪಾವಳಿ ಬೋನಸ್ಸಿಗೆ ಯಾರ ಒಪ್ಪಿಗೆ ಎಂದು ಪೈಸೆ ಪೈಸೆಗೂ ಲೆಕ್ಕ. ಈ ವಿದ್ಯೆ ನಮ್ಮವರಲ್ಲಿ ಧಾರಾಳವಾಗಿದೆ. ನಿವೃತ್ತ ಬ್ಯಾಂಕು ನೌಕರರು, ರೈಲ್ವೆಯ ಲೆಕ್ಕಪತ್ರದವರು, ವಿಮಾ ಕಚೇರಿಯವರು ಪ್ರತಿ ಸೊಸೈಟಿಗೂ ಇಬ್ಬರಾದರೂ ಸಿಗುತ್ತಾರೆ. ಅವರು ಸಮಿತಿಯಲ್ಲಿ ಕುರ್ಚಿ ಕೇಳದೆ, ಸಂಜೆ ಏಳಕ್ಕೆ ಸಭೆ ಇರಿಸಿರೆಂದು ಒತ್ತಾಯ ಮಾಡಿ, ಅಧ್ಯಕ್ಷೆಯ ಪಕ್ಕದಲ್ಲಿ ಕುಳಿತು ಖರ್ಚಿನ ಪಟ್ಟಿಯನ್ನು ಓದಿ ಹೇಳಿದರೆ ಯಾವ ಕಂತ್ರಾಟುದಾರನೂ ಒಂದು ನಲ್ಲಿಗೆ ಎರಡು ನಲ್ಲಿಯ ಬಿಲ್ಲು ಹಚ್ಚಲಾರನು. ಮುಂಬಯಿಯಲ್ಲಂತೂ 2022ರ ಮಾರ್ಚಿನಲ್ಲಿ ಪಾಲಿಕೆಯ ಸದಸ್ಯರ ಅವಧಿ ತೀರಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯ ರಾಜ್ಯವೇ ನಡೆಯಿತು; 227 ವಾರ್ಡುಗಳಿಗೂ ನಗರಸೇವಕರಿಲ್ಲ. ಆ ಕಾಲದಲ್ಲಿ ಶಾಲೆಯ ಹಣವನ್ನು ಕುರಿತು ಬಾಯಿ ಬಿಡಬಲ್ಲ ಸ್ಥಳೀಯರ ಕೂಟವೆಂದರೆ ಈ ಬಡಪಾಯಿ ಸಮಿತಿಯೇ ಆಗಿತ್ತು.

ಪುಣೆಯ ಪತ್ರ ಚಿಕ್ಕದು, ಪ್ರಶ್ನೆ ದೊಡ್ಡದು. ಮಕ್ಕಳೇ ಕಡಿಮೆಯಾಗುತ್ತಿರುವ ಶಾಲೆಗೆ ಹಣ ಸುರಿಯುವುದೇಕೆ ಎನ್ನುತ್ತಾರೆ. ಸುರಿಯುವ ಹಣವೆಷ್ಟೆಂದು ನೋಡೋಣ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಗೆ ವರ್ಷಕ್ಕೊಮ್ಮೆ ಬರುವ ಸಂಯುಕ್ತ ಅನುದಾನ ಮಕ್ಕಳ ಸಂಖ್ಯೆಯನ್ನು ಅವಲಂಬಿಸಿದೆ. 101ರಿಂದ 250 ಮಕ್ಕಳಿದ್ದರೆ 50,000 ರೂಪಾಯಿ. ನೂರಕ್ಕೆ ಇಳಿದರೆ 25,000. ಆ ಒಂದು ಮಗು ಬಿಟ್ಟುಹೋದ ವರ್ಷ ಅನುದಾನ ಅರ್ಧವಾಗುತ್ತದೆ. ಸೋರುವ ಮಾಡು ಮಾತ್ರ ಅರ್ಧ ಸೋರುವುದಿಲ್ಲ. ಗುಡಿಸುವ ನೆಲ, ತೊಳೆಯುವ ಶೌಚಾಲಯ, ಕೆಟ್ಟ ವಿದ್ಯುದ್ದೀಪ ಮೊದಲಿನಷ್ಟೇ. ಶಾಲೆ ಕೊಳಕಾದುದರಿಂದ ಇನ್ನಿಬ್ಬರು ಬಿಡುತ್ತಾರೆ. ಮಕ್ಕಳು ಕಡಿಮೆಯಾದುದರಿಂದ ಹಣ ಕಡಿಮೆಯಾಯಿತೋ, ಹಣ ಕಡಿಮೆಯಾದುದರಿಂದ ಮಕ್ಕಳು ಕಡಿಮೆಯಾದರೋ, ಪತ್ರ ಬರೆದವರೇ ವಿಚಾರಿಸಲಿ. ಕನ್ನಡದಂಥ ಅಲ್ಪಸಂಖ್ಯಾತರ ಭಾಷೆಯ ತರಗತಿಗಳಿಗೆ ಈ ಸುಳಿ ಎಲ್ಲರಿಗಿಂತ ಮೊದಲು ತಟ್ಟುತ್ತದೆ. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದಲ್ಲಿ 350ಎ ವಿಧಿಯನ್ನು 1956ರಲ್ಲಿ ಸೇರಿಸಿದ್ದಾಗಿದೆ. ವಿಧಿ ಇದೆ, ಕಿಟಕಿಯ ಗಾಜು ಇಲ್ಲ. ನಮ್ಮ ಸಂಘಗಳು ಪ್ರತಿ ರಾಜ್ಯೋತ್ಸವದಲ್ಲಿ ‘ಕನ್ನಡ ಶಾಲೆಗಳನ್ನು ಉಳಿಸಿ’ ಎಂದು ಚಪ್ಪಾಳೆಯೊಡನೆ ಠರಾವು ಮಾಡುತ್ತವೆ. ಅದರ ನಕಲನ್ನು ಗಾಜಿನ ಜಾಗಕ್ಕೆ ಅಂಟಿಸಿದರೆ ಮಳೆಯಾದರೂ ನಿಂತೀತು.

ಮೂರನೆಯ ಪತ್ರವೇ ನಮ್ಮ ಮನೆಯ ಬಾಗಿಲಿಗೆ ಬಂದು ನಿಲ್ಲುವುದು. ಕನ್ನಡಿಗರ ಸಂಸ್ಥೆಯೊಂದು ನಡೆಸುವ ನೆರವಿನ ಶಾಲೆ. ಹೋಟೆಲಿನ ಹುಡುಗರು ಹಗಲೆಲ್ಲ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಮುಂಬಯಿಯ ಚರಿತ್ರೆ ನಮ್ಮೆಲ್ಲರಿಗೂ ಹೆಮ್ಮೆಯದು. ಹಾಗೆ ಮೇಲೆ ಬಂದವರೇ ಮುಂದೆ ಇಂಥ ಶಾಲೆಗಳಿಗೆ ಕೈಬಿಚ್ಚಿ ಕೊಟ್ಟರು. ಪತ್ರದ ಶಾಲೆಯಲ್ಲಿ ಸಭಾಗೃಹಕ್ಕೆಂದು ಎತ್ತಿದ ಹಣ ಸಭಾಗೃಹಕ್ಕೇ ಹೋಯಿತು, ಪ್ರಯೋಗಶಾಲೆ ಮಾತ್ರ ಹತ್ತು ವರ್ಷದಿಂದ ಬೀಗದಲ್ಲಿದೆ. ಪಾಲಕರ ಗುಂಪೊಂದು ಲೆಕ್ಕ ಕೇಳಿತು. “ಕೊಟ್ಟವರು ದಾನಿಗಳು, ಕೇಳುವುದಕ್ಕೆ ನೀವು ಯಾರು?” ಎಂಬ ಉತ್ತರ ಬಂತು.

ಕಾನೂನಿನ ಮಾತಾದರೆ ಉತ್ತರ ಕೊಟ್ಟವರ ಕಡೆಗೇ ಸ್ವಲ್ಪ ವಾಲಿದೆ. 2012ರ ತಿದ್ದುಪಡಿಯಂತೆ ನೆರವಿನ ಶಾಲೆಗಳಲ್ಲಿಯೂ ಅಲ್ಪಸಂಖ್ಯಾತರ ಶಾಲೆಗಳಲ್ಲಿಯೂ ಈ ಸಮಿತಿ ಸಲಹೆಯನ್ನಷ್ಟೇ ಕೊಡಬಹುದು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾನೂನೇ ಅನ್ವಯಿಸುವುದಿಲ್ಲವೆಂದು ತೀರ್ಪಿತ್ತಿತು. ಸಂವಿಧಾನದ 30ನೆಯ ವಿಧಿ ಧರ್ಮದ ಅಲ್ಪಸಂಖ್ಯಾತರಿಗೆಂತೋ ಭಾಷೆಯ ಅಲ್ಪಸಂಖ್ಯಾತರಿಗೂ ಅಂತೆಯೇ ಶಾಲೆ ನಡೆಸುವ ಹಕ್ಕು ಕೊಟ್ಟಿದೆ. ಇದು ದೊಡ್ಡ ರಕ್ಷಣೆ, ಕೈಬಿಡತಕ್ಕದ್ದಲ್ಲ. ಆದರೆ ಈ ಹಕ್ಕು ಸರಕಾರದ ಕೈ ತಡೆಯಲು ಬಂದುದು, ನಮ್ಮದೇ ಪಾಲಕರ ಬಾಯಿ ಮುಚ್ಚಿಸಲು ಅಲ್ಲ. ಮಾಸ್ತರರ ಸಂಬಳ ಸರಕಾರದ ಖಜಾನೆಯಿಂದ ಬರುವಾಗ ಅದು ದಾನಿಗಳ ಶಾಲೆ ಮಾತ್ರ ಎಂದು ಹೇಗೆ ಹೇಳುವುದು? ಫೀ ತೆಗೆದುಕೊಳ್ಳುವ ಶಾಲೆಗಳಲ್ಲಿಯೂ ಮಹಾರಾಷ್ಟ್ರದ 2011ರ ಕಾನೂನು ಫೀಯ ಪ್ರಸ್ತಾಪವನ್ನು ಪಾಲಕ ಶಿಕ್ಷಕರ ಕಾರ್ಯಕಾರಿ ಸಮಿತಿಯ ಮುಂದೆ ಇಡಬೇಕೆಂದಿದೆ, ಸಮಿತಿಗೆ ಪಾಲಕರನ್ನು ಚೀಟಿ ಎತ್ತಿ ಆರಿಸಬೇಕೆಂದಿದೆ. ಚೀಟಿಯಲ್ಲಿ ಬಂದ ತಾಯಿಗೆ ಲೆಕ್ಕ ತೋರಿಸಬಹುದಾದರೆ ಬೀಗದ ಪ್ರಯೋಗಶಾಲೆಯ ಮುಂದೆ ನಿಂತವಳಿಗೆ ತೋರಿಸುವುದಕ್ಕೇನು ಅಡ್ಡಿ? ಸಭಾಗೃಹದ ಗೋಡೆಯಲ್ಲಿ ದಾನಿಗಳ ಹೆಸರಿನ ಕಲ್ಲು ಹಚ್ಚುವಾಗ ಅದರ ಕೆಳಗೆ ಆ ವರ್ಷದ ಜಮಾಖರ್ಚಿನ ಒಂದು ಹಾಳೆಯನ್ನೂ ಹಚ್ಚಿದರೆ ಯಾವ ದಾನಿಯೂ ಮುನಿಯಲಾರನು. ಮುನಿದರೆ ಅಂಥವರ ಹಣ ಬೇಡವೆನ್ನುವ ಧೈರ್ಯ ಕಾರ್ಯಕಾರಿ ಮಂಡಳಿಗೆ ಬರಬೇಕು. ಬರುವುದೆಂದು ನಮಗೆ ಪೂರ್ಣ ಭರವಸೆಯಿಲ್ಲ, ಅದೂ ನಿಜ.

ಮೂವರಿಗೂ ಸೇರಿ ಒಂದು ವ್ಯಾವಹಾರಿಕ ಮಾತು. ಶಾಲೆಯ ಅಭಿವೃದ್ಧಿ ಯೋಜನೆ ಮೂರು ವರ್ಷಗಳದು, ಅದರೊಳಗೆ ವರ್ಷಕ್ಕೊಂದು ಉಪಯೋಜನೆ. ಆರ್ಥಿಕ ವರ್ಷ ಮುಗಿಯುವುದಕ್ಕೆ ಮೂರು ತಿಂಗಳು ಮೊದಲೇ, ಅಂದರೆ ಡಿಸೆಂಬರಿನೊಳಗೆ, ಯೋಜನೆ ಸಿದ್ಧವಾಗಬೇಕೆಂದು ಮಾದರಿ ನಿಯಮ ಹೇಳುತ್ತದೆ. ನಮ್ಮವರು ಎಚ್ಚರಗೊಳ್ಳುವುದು ಮಾರ್ಚಿನಲ್ಲಿ, ಕಲ್ಲು ಹಾಸುವವನು ಬಯಲಿನಲ್ಲಿ ಮರಳು ಸುರಿದ ಮೇಲೆ. ದಸರೆ ಮುಗಿದು ದೀಪಾವಳಿಯ ಗಡಿಬಿಡಿ ಆರಂಭವಾಗುವ ಮೊದಲು ಹತ್ತಿರದ ಶಾಲೆಗೆ ಹೋಗಿ ನಡಾವಳಿಯ ಪುಸ್ತಕ ಕೇಳಿ ನೋಡಿರಿ. ಕೊಟ್ಟರೆ ಏನಿತ್ತು, ಕೊಡದಿದ್ದರೆ ಏನು ಹೇಳಿದರು, ನಮಗೆ ಬರೆಯಿರಿ; ಊರು, ಹೆಸರು ಪ್ರಕಟಿಸುವುದಿಲ್ಲ. ಮುಂಬಯಿಯ ಮಹನೀಯರು ವಾಹನಗಳನ್ನು ಎಲ್ಲಿ ನಿಲ್ಲಿಸತೊಡಗಿದರೆಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.