ಐದು ವಾರದ ಭವಿಷ್ಯ ಮತ್ತು ಎರಡು ಚಮಚ ಎಣ್ಣೆ

ರಾತ್ರಿ ಊಟ ಮುಗಿಸಿ, ತಿಂದದ್ದನ್ನೆಲ್ಲ ಫೋನಿನಲ್ಲಿ ಬರೆದು, 'ಇವತ್ತಿಗೆ ಮುಗೀತು' ಅಂತ ಒತ್ತಿದ ತಕ್ಷಣ ಆ್ಯಪ್ ಒಂದು ಸಾಲು ತೋರಿಸುತ್ತಿತ್ತು: ಪ್ರತಿದಿನವೂ ಇವತ್ತಿನ ಹಾಗೇ ಇದ್ದರೆ ಐದು ವಾರದಲ್ಲಿ ನಿಮ್ಮ ತೂಕ 68.8 ಕೆಜಿ.

ಆಗ ನಾನು 72 ಕೆಜಿ ಇದ್ದೆ. ಆ ಒಂದು ಸಾಲು ಓದಿ ಮಲಗಿದರೆ ಏನೋ ಸಮಾಧಾನ. ಪರೀಕ್ಷೆ ಬರೆದ ದಿನವೇ ಮಾರ್ಕ್ಸ್ ಕಾರ್ಡ್ ಸಿಕ್ಕ ಹಾಗೆ.

ತೂಕದ ಚಿಂತೆ ಹತ್ತಿದ್ದು ಕನ್ನಡಿ ನೋಡಿ ಅಲ್ಲ. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಚ್‌ಬಿಎ1ಸಿ 5.9 ಬಂದಿತ್ತು. 5.7ರಿಂದ 6.4ರ ನಡುವೆ ಇದ್ದರೆ ಅದು ಪ್ರೀಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ನಮ್ಮಪ್ಪ ನಲವತ್ತು ದಾಟುವ ಮೊದಲೇ ಆ ಹೊಸ್ತಿಲು ದಾಟಿದವರು. ನನಗೀಗ 31. ಡಾಕ್ಟರ್ ಹೇಳಿದ್ದು ಇಷ್ಟೇ: "ನೋಡಮ್ಮ, ಮೂರ್ನಾಲ್ಕು ಕೆಜಿ ಇಳಿಸು. ದಿನಾ ನಡಿ. ಮೂರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡೋಣ."

ಐದು ವಾರ ಶಿಸ್ತಾಗಿ ಬರೆದೆ. ದಿನಕ್ಕೆ 1,200 ಕ್ಯಾಲೊರಿ ದಾಟಲಿಲ್ಲ. ಮೂವತ್ತೈದನೇ ದಿನ ಬೆಳಿಗ್ಗೆ ತೂಕದ ಮಷಿನ್ ಹತ್ತಿದೆ. 71.0.

ಒಂದೇ ಒಂದು ಕೆಜಿ. ಆ್ಯಪ್ ಹೇಳಿದ್ದು ಮೂರು ಚಿಲ್ಲರೆ.

ಆಮೇಲೆ ಮಾಡಿದ್ದು ಶುದ್ಧ ಪೆದ್ದತನ. ತಪ್ಪು ನನ್ನದೇ ಅಂದುಕೊಂಡು 900ಕ್ಕೆ ಇಳಿಸಿದೆ. ರಾತ್ರಿ ಬರೀ ಮಜ್ಜಿಗೆ, ಸೌತೆಕಾಯಿ. ಆರನೇ ದಿನ ಮೆಟ್ರೊದಲ್ಲಿ ನಿಂತಿದ್ದಾಗ ಕಣ್ಣು ಕತ್ತಲೆ ಬಂತು. ಪಕ್ಕದಲ್ಲಿದ್ದ ಹೆಂಗಸೊಬ್ಬರು ಸೀಟು ಬಿಟ್ಟುಕೊಟ್ಟು, ಬ್ಯಾಗಿನಿಂದ ಕಡಲೆ ಮಿಠಾಯಿ ತೆಗೆದುಕೊಟ್ಟರು. ಅದನ್ನು ತಿನ್ನುವಾಗಲೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಇದಕ್ಕೆ ಎಷ್ಟು ಕ್ಯಾಲೊರಿ ಅಂತಲೇ.

ಅವತ್ತು ರಾತ್ರಿ ವಿಡಿಯೊ ಕಾಲ್‌ನಲ್ಲಿ ಅಮ್ಮ ನೋಡಿದ ಕೂಡಲೇ ಕೇಳಿದರು: "ಏನೇ ಇದು, ಕಣ್ಣೆಲ್ಲ ಗುಳಿ ಬಿದ್ದಿದೆ? ಯಾರಿಗೆ ಲೆಕ್ಕ ಒಪ್ಪಿಸಬೇಕು ನೀನು?"

ಆ ಪ್ರಶ್ನೆ ಚುಚ್ಚಿತು. ಭಾನುವಾರ ನೋಟ್‌ಬುಕ್ ಹಿಡಿದು ಕೂತೆ. ಆ್ಯಪ್‌ನ ಲೆಕ್ಕವನ್ನೇ ಒಮ್ಮೆ ಪರೀಕ್ಷೆ ಮಾಡೋಣ ಅಂತ.

ಭವಿಷ್ಯ ಅಲ್ಲ, ಬರೀ ಗುಣಾಕಾರ

ಮೊದಲು ನಮ್ಮ ದೇಹ ಸುಮ್ಮನೆ ಮಲಗಿದ್ದರೂ ಎಷ್ಟು ಕ್ಯಾಲೊರಿ ಖರ್ಚು ಮಾಡುತ್ತದೆ ಅನ್ನೋ ಅಂದಾಜು. ಇದಕ್ಕೆ 1990ರಲ್ಲಿ ಬಂದ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ ತುಂಬಾ ಬಳಕೆಯಲ್ಲಿದೆ. ಹೆಂಗಸರಿಗಾದರೆ ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದರಷ್ಟನ್ನೂ ಮತ್ತೆ 161ನ್ನೂ ಕಳೆಯಬೇಕು. 72 ಕೆಜಿ, 158 ಸೆಂ.ಮೀ., 31 ವರ್ಷದ ನನಗೆ ಸುಮಾರು 1,390 ಬಂತು. ಸೈನ್ ಅಪ್ ಮಾಡುವಾಗ 'ಸ್ವಲ್ಪ ಚಟುವಟಿಕೆ' ಅಂತ ಆರಿಸಿದ್ದೆ. ಅದಕ್ಕೆ 1.375ರಿಂದ ಗುಣಿಸಿದರೆ 1,913.

ಅದರಲ್ಲಿ ನಾನು ತಿಂದ 1,200 ಕಳೆದರೆ ದಿನಕ್ಕೆ 713 ಉಳಿತಾಯ. 35 ದಿನಕ್ಕೆ ಹತ್ತಿರ ಹತ್ತಿರ 25,000. ಒಂದು ಕೆಜಿಗೆ 7,700 ಕ್ಯಾಲೊರಿ ಅನ್ನೋ ಲೆಕ್ಕದಲ್ಲಿ ಭಾಗಿಸಿದರೆ 3.2 ಕೆಜಿ. 72ರಲ್ಲಿ 3.2 ಹೋದರೆ 68.8.

ಅಷ್ಟೇ ಕಣ್ರೀ! ಆ್ಯಪ್ ನನ್ನ ದೇಹವನ್ನು ನೋಡಿಯೇ ಇರಲಿಲ್ಲ. ಇವತ್ತಿನ ಒಂದು ದಿನವನ್ನು 35ರಿಂದ ಗುಣಿಸಿತ್ತು. ಗುಣಾಕಾರ ಸರಿಯಾಗಿಯೇ ಇತ್ತು, ಅದಕ್ಕೆ ನಾನು ಕೊಟ್ಟ ಅಂಕಿಗಳು ಸರಿಯಿರಲಿಲ್ಲ.

ಎಲ್ಲಿ ಸೋರಿತು?

ಮೊದಲನೆಯದು ಆ 'ಸ್ವಲ್ಪ ಚಟುವಟಿಕೆ'. ನಿಜ ಹೇಳಬೇಕೆಂದರೆ ನನ್ನದು ಒಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರುವ ಕೆಲಸ. ಮನೆಯಿಂದ ಕೆಲಸ ಮಾಡುವ ದಿನ ಅಡುಗೆಮನೆಗೂ ಟೇಬಲ್ಲಿಗೂ ಓಡಾಡಿದ್ದೇ ವಾಕಿಂಗ್. ಅಂಥವರಿಗೆ ಇರೋದು 1.2. ಹಾಗೆ ಗುಣಿಸಿದರೆ 1,670. ಒಂದೇ ಒಂದು ತಪ್ಪು ಆಯ್ಕೆಯಿಂದ ದಿನಕ್ಕೆ 243 ಕ್ಯಾಲೊರಿ ಗಾಳಿಯಲ್ಲಿ ಹೋಯಿತು.

ಇಂಥ ಸೂತ್ರಗಳು ಜನರ ಸರಾಸರಿ ಮಾತ್ರ. ಅದರಲ್ಲೂ ಬಹಳಷ್ಟು ಪಾಶ್ಚಾತ್ಯರನ್ನು ಅಳೆದು ಮಾಡಿದವು. ಪಶ್ಚಿಮದ ಅಳತೆಗಳಿಂದ ಬಂದ ಸೂತ್ರಗಳು ಭಾರತೀಯರ ವಿಶ್ರಾಂತಿಯ ಖರ್ಚನ್ನು ಹೆಚ್ಚಾಗಿ ತೋರಿಸಬಹುದು ಅಂತ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಬಹಳ ಹಿಂದೆಯೇ ಅಳೆದು ತೋರಿಸಿದ್ದಾರೆ.

ಎರಡನೆಯದು ನನ್ನ ಬರವಣಿಗೆ. ದಿನಕ್ಕೆ ಎರಡು ಲೋಟ ಫಿಲ್ಟರ್ ಕಾಫಿ. ನಾನು ಬರೆದದ್ದು ಬರೀ 'ಕಾಫಿ'. ಆ್ಯಪ್ ಅದನ್ನು ಹಾಲು, ಸಕ್ಕರೆ ಇಲ್ಲದ ಕರಿ ಕಾಫಿ ಅಂತ ತಗೊಂಡು ನಾಲ್ಕೈದು ಕ್ಯಾಲೊರಿ ಹಾಕುತ್ತಿತ್ತು. ಪಲ್ಯದ ಒಗ್ಗರಣೆಗೆ ನನ್ನ ಪಾಲಿಗೆ ಬರುವ ಎರಡು ಟೀ ಚಮಚ ಎಣ್ಣೆಯನ್ನು ಬರೆದೇ ಇರಲಿಲ್ಲ. ಎಣ್ಣೆ ಅಂದರೆ ಗ್ರಾಂಗೆ 9 ಕ್ಯಾಲೊರಿ. ಎರಡು ಚಮಚಕ್ಕೇ 80. ಎಲ್ಲ ಸೇರಿಸಿದರೆ ದಿನಕ್ಕೆ ಸುಮಾರು 250 ಡೈರಿಯ ಹೊರಗೇ ಉಳಿದಿತ್ತು.

243 ಮತ್ತು 250 ಕೂಡಿಸಿ, 35ರಿಂದ ಗುಣಿಸಿ, 7,700ರಿಂದ ಭಾಗಿಸಿ ನೋಡಿದೆ. 2.2 ಕೆಜಿ. ಆ್ಯಪ್ ಹೇಳಿದ 68.8ಕ್ಕೂ ಮಷಿನ್ ತೋರಿಸಿದ 71ಕ್ಕೂ ಇದ್ದ ವ್ಯತ್ಯಾಸ ಅಷ್ಟೇ! ಇಷ್ಟು ಚೆನ್ನಾಗಿ ಕೂಡಿ ಬಂದದ್ದು ಸ್ವಲ್ಪ ಅದೃಷ್ಟವೂ ಇರಬಹುದು. ಆದರೆ ನನ್ನ ದೇಹ ಮೋಸ ಮಾಡಿರಲಿಲ್ಲ ಅನ್ನೋದು ಖಾತ್ರಿಯಾಯಿತು.

ಬರೆಯುವಾಗ ಹೀಗೆ ಕಮ್ಮಿ ಬರೆಯೋದು ನನ್ನೊಬ್ಬಳ ಚಾಳಿಯೂ ಅಲ್ಲ. 1,200 ಕ್ಯಾಲೊರಿಗಿಂತ ಕಮ್ಮಿ ತಿಂದರೂ ತೂಕ ಇಳಿಯುತ್ತಿಲ್ಲ ಅನ್ನುತ್ತಿದ್ದ ಹತ್ತು ಜನರನ್ನು ಅಮೆರಿಕದಲ್ಲಿ ಅಳೆದು ನೋಡಿದರು. 1992ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅವರು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಮ್ಮಿ ಹೇಳಿದ್ದರು. ವ್ಯಾಯಾಮವನ್ನು ಶೇ. 51ರಷ್ಟು ಜಾಸ್ತಿ ಹೇಳಿದ್ದರು. ಸುಳ್ಳು ಹೇಳಿದ್ದಲ್ಲ, ಅವರಿಗೇ ಗೊತ್ತಿರಲಿಲ್ಲ.

ನಮ್ಮ ಅಡುಗೆಯಲ್ಲಂತೂ ಗೊಂದಲ ಇನ್ನೂ ಜಾಸ್ತಿ. 100 ಗ್ರಾಂ ಅಕ್ಕಿಗೆ ಸುಮಾರು 350 ಕ್ಯಾಲೊರಿ, 100 ಗ್ರಾಂ ಅನ್ನಕ್ಕೆ ಸುಮಾರು 130. ಪಟ್ಟಿಯಲ್ಲಿ 'ರೈಸ್' ಅಂತ ಕಂಡದ್ದನ್ನು ಒತ್ತಿಬಿಟ್ಟರೆ ಯಾವುದು ಬಿತ್ತೋ ದೇವರಿಗೇ ಗೊತ್ತು. ಇನ್ನು 'ಒಂದು ರಾಗಿಮುದ್ದೆ' ಅಂದರೆ ಯಾರ ಮನೆಯ ಮುದ್ದೆ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಭಾರತೀಯ ಆಹಾರ ಪದಾರ್ಥಗಳ ಪಟ್ಟಿ ಕೊಟ್ಟಿದೆ. ರಾಗಿ, ತೊಗರಿಬೇಳೆಯಂಥ ಪದಾರ್ಥಗಳನ್ನು ತೂಕ ಮಾಡಿ ಬರೆಯುವವರಿಗೆ ಅದು ಒಳ್ಳೆ ಆಧಾರ.

ಕೈಗೆ ಕಟ್ಟುವ ವಾಚ್? 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಅಂಥ ಏಳು ಸಾಧನ ಪರೀಕ್ಷಿಸಿದರು. ಎದೆಬಡಿತವನ್ನು ಬಹುತೇಕ ಎಲ್ಲವೂ ಚೆನ್ನಾಗಿ ಹೇಳಿದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದೂ ಸರಾಸರಿ ಶೇ. 27ರಷ್ಟು ತಪ್ಪಿತು. ಹಾಗಾಗಿ 'ವಾಚ್ 300 ಸುಟ್ಟಿದೆ ಅಂತಿದೆ, ಒಂದು ಮಸಾಲೆದೋಸೆ ನಡೆಯುತ್ತೆ' ಅನ್ನೋದನ್ನು ನಾನು ಬಿಟ್ಟಿದ್ದೇನೆ.

ಮೂರನೆಯದು ನೀರು. ಮೊದಲ ವಾರ ನನ್ನ ತೂಕ ಒಂದು ಕೆಜಿಗಿಂತ ಜಾಸ್ತಿ ಇಳಿದು, ಆಮೇಲೆ ಅರ್ಧ ಕೆಜಿ ಹತ್ತಿತು. ದೇಹ ಕೂಡಿಟ್ಟ ಗ್ಲೈಕೋಜನ್‌ನ ಒಂದೊಂದು ಗ್ರಾಂ ಜೊತೆಗೂ ಮೂರು ಗ್ರಾಂನಷ್ಟು ನೀರು ಇರುತ್ತದೆ. ಊಟ ಕಮ್ಮಿ ಮಾಡಿದಾಗ ಮೊದಲು ಹೋಗೋದು ಅದೇ. ಉಪ್ಪಿನಕಾಯಿ ತಿಂದ ಮರುದಿನ, ಪಿರಿಯಡ್ಸ್ ವಾರ, ಮಷಿನ್ ಮೇಲೆ ಹೋಗೋದೂ ನೀರೇ. ಅದು ಕೊಬ್ಬಲ್ಲ.

ವರ್ಷದ ಲೆಕ್ಕ ಇನ್ನೂ ಬೇರೆ

ಐದು ವಾರಕ್ಕಾದರೆ ಹೇಗೋ ನಡೆಯುತ್ತೆ. 'ಇದೇ ರೀತಿ ಹೋದರೆ ಮುಂದಿನ ಯುಗಾದಿಗೆ ಇಷ್ಟು' ಅನ್ನೋ ಗ್ರಾಫ್‌ಗಳನ್ನು ನಂಬಲೇಬೇಡಿ. ಕೆಜಿಗೆ 7,700 ಅನ್ನೋ ನಿಯಮ 1958ರಲ್ಲಿ ಮ್ಯಾಕ್ಸ್ ವಿಶ್ನಾಫ್‌ಸ್ಕಿ ಅನ್ನೋ ವೈದ್ಯರು ಪೌಂಡಿಗೆ 3,500 ಅಂತ ಬರೆದದ್ದರಿಂದ ಬಂದದ್ದು. ತೂಕ ಇಳಿದಂತೆ ದೇಹದ ಖರ್ಚೂ ಇಳಿಯುತ್ತದೆ ಅನ್ನೋದು ಈ ನಿಯಮದಲ್ಲಿ ಇಲ್ಲ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ 'ಲ್ಯಾನ್ಸೆಟ್'ನಲ್ಲಿ ಇದನ್ನು ಲೆಕ್ಕ ಸಮೇತ ತೋರಿಸಿದರು. ದಿನಕ್ಕೆ 100 ಕ್ಯಾಲೊರಿ ಶಾಶ್ವತವಾಗಿ ಕಮ್ಮಿ ಮಾಡಿದಿರಿ ಅಂತಿಟ್ಟುಕೊಳ್ಳಿ. ಹಳೆ ನಿಯಮ ವರ್ಷಕ್ಕೆ 4.7 ಕೆಜಿ, ಮೂರು ವರ್ಷಕ್ಕೆ 14 ಕೆಜಿ ಅನ್ನುತ್ತದೆ. ಹಾಲ್ ಅವರ ಲೆಕ್ಕದಲ್ಲಿ ಒಟ್ಟು ಇಳಿಯೋದೇ ಸುಮಾರು 4 ಕೆಜಿ. ಅದರಲ್ಲಿ ಅರ್ಧ ಮೊದಲ ವರ್ಷ, ಬಹುಪಾಲು ಮೂರು ವರ್ಷದೊಳಗೆ, ಆಮೇಲೆ ನಿಂತುಬಿಡುತ್ತದೆ. ತೂಕ ಒಂದು ಕಡೆ ನಿಂತರೆ ನೀವು ಸೋತಿರಿ ಅಂತಲ್ಲ. ದೇಹ ಹೊಸ ಖರ್ಚಿಗೆ ಹೊಂದಿಕೊಂಡಿದೆ ಅಂತ. ಇದೇ ಲೆಕ್ಕದ ಮೇಲೆ ಆ ಸಂಸ್ಥೆ 'ಬಾಡಿ ವೆಯ್ಟ್ ಪ್ಲಾನರ್' ಅನ್ನೋ ಉಚಿತ ಸಾಧನವನ್ನೂ ಮಾಡಿದೆ.

ಈಗ ನಾನು ಮಾಡೋದು

ಆ್ಯಪ್ ಅಳಿಸಿಲ್ಲ. ಲೆಕ್ಕವನ್ನು ತಿರುಗಿಸಿಕೊಂಡಿದ್ದೇನೆ.

ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೂಕ, ಆದರೆ ನೋಡೋದು ವಾರದ ಸರಾಸರಿ ಮಾತ್ರ. ನಾಲ್ಕೈದು ವಾರದಲ್ಲಿ ನಿಜವಾಗಿ ಇಳಿದ ಕೆಜಿಯನ್ನು 7,700ರಿಂದ ಗುಣಿಸಿ, ದಿನಗಳಿಂದ ಭಾಗಿಸಿದರೆ ದಿನದ ನಿಜವಾದ ಉಳಿತಾಯ ಸಿಗುತ್ತದೆ. ನನ್ನದು 1 ಕೆಜಿ, 35 ದಿನ, ಅಂದರೆ 220. ಬರೆದ 1,200ಕ್ಕೆ ಅದನ್ನು ಕೂಡಿಸಿದರೆ 1,420. ಅಂದರೆ ನನ್ನ ಡೈರಿಯ ಅಳತೆಯಲ್ಲಿ 1,420 ತಿಂದರೆ ತೂಕ ನಿಂತಲ್ಲೇ ನಿಲ್ಲುತ್ತದೆ. ಬರೆಯೋದರಲ್ಲಿ ತಪ್ಪಿದ್ದರೂ ದಿನಾ ಒಂದೇ ಥರದ ತಪ್ಪಾದರೆ ಅದೂ ಈ ಅಂಕಿಯೊಳಗೇ ಸೇರಿಹೋಗಿರುತ್ತದೆ. ಯಾವ ಸೂತ್ರವೂ ನನಗೆ ಇಷ್ಟು ಹತ್ತಿರದ ಉತ್ತರ ಕೊಟ್ಟಿರಲಿಲ್ಲ.

900ರ ಹುಚ್ಚು ಬಿಟ್ಟೆ. ಎಣ್ಣೆಗೆ ಅಳತೆ ಚಮಚ ಬಂತು, ಕಾಫಿಗೆ ಸಕ್ಕರೆ ಅರ್ಧವಾಯಿತು, ರಾತ್ರಿ ಊಟ ಮತ್ತೆ ಊಟವಾಯಿತು, ಸಂಜೆ ನಲವತ್ತು ನಿಮಿಷ ನಡಿಗೆ ಸೇರಿತು. ಆರು ವಾರ ಕಳೆದು ಈಗ 69.7. ತಿಂಗಳಿಗೆ ಒಂದು ಕೆಜಿಗಿಂತ ಕೊಂಚ ಕಮ್ಮಿ. ಗ್ರಾಫ್‌ನಲ್ಲಿ ನೋಡಿದರೆ ಬೇಜಾರಾಗುತ್ತೆ, ಆದರೆ ಇದು ನಿಜವಾದ ವೇಗ. ಒಂದು ಮಾತು: ಸಕ್ಕರೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು, ಗರ್ಭಿಣಿಯರು, ಊಟದ ಚಿಂತೆಯೇ ಕಾಯಿಲೆಯಾಗಿ ಕಾಡಿದವರು ಡಾಕ್ಟರನ್ನು ಕೇಳದೆ ಈ ಲೆಕ್ಕಕ್ಕೆ ಇಳಿಯಬೇಡಿ.

ನನ್ನ ಮರುಪರೀಕ್ಷೆ ಮುಂದಿನ ವಾರ. ಭಯ ಇದೆ. ಆದರೆ ಧೈರ್ಯ ಕೊಟ್ಟ ಒಂದು ವಿಷಯ ಹೇಳಿ ಮುಗಿಸುತ್ತೇನೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನನ್ನಂತೆ ಹೊಸ್ತಿಲಲ್ಲಿ ನಿಂತ 531 ಭಾರತೀಯರನ್ನು ಎರಡೂವರೆ ವರ್ಷದಷ್ಟು ಕಾಲ ಗಮನಿಸಿ 2006ರಲ್ಲಿ ವರದಿ ಮಾಡಿದ್ದಾರೆ. ಊಟ, ನಡಿಗೆ ಸುಧಾರಿಸಿಕೊಂಡವರಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಶೇ. 28.5ರಷ್ಟು ತಗ್ಗಿತ್ತು. ಅವರ ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ!

ಆ್ಯಪ್ ಈಗಲೂ ರಾತ್ರಿ ತನ್ನ ಐದು ವಾರದ ಸಾಲು ತೋರಿಸುತ್ತದೆ. ಓದಿ, ಫೋನ್ ಚಾರ್ಜಿಗೆ ಹಾಕಿ ಮಲಗುತ್ತೇನೆ. ಮೊನ್ನೆ ಅಮ್ಮ ವಿಡಿಯೊದಲ್ಲಿ ಮುಖ ನೋಡಿ, ಏನೂ ಅನ್ನದೆ, "ಊಟ ಆಯ್ತೇನೇ?" ಅಂತಷ್ಟೇ ಕೇಳಿದರು. ಆಗಿತ್ತು. ಮುದ್ದೆ, ಬಸ್ಸಾರು. ಎಣ್ಣೆ, ಅಳೆದು ಎರಡು ಚಮಚ.