ಮನೆಯ ಓತಿಗೆ ಬಿಸಿಲು

ಅಮೆರಿಕೆಯ ಟೆಕ್ಸಾಸ್‌ನಲ್ಲಿ ನೆಲಸಿರುವ ವಾಚಕರೊಬ್ಬರು ತಮ್ಮ ಮಗಳು ಸಾಕಿರುವ ಗಡ್ಡದ ಓತಿಯನ್ನು ಕುರಿತು ನಮಗೆ ಬರೆದಿದ್ದಾರೆ. ಅಲ್ಲಿಯವರು ಬಿಯರ್ಡೆಡ್ ಡ್ರ್ಯಾಗನ್ ಎಂದು ಕರೆಯುವ ಈ ಪ್ರಾಣಿಯ ಮೂಲ ಆಸ್ಟ್ರೇಲಿಯದ ಒಣನಾಡು. ನಮ್ಮ ಬೇಲಿಗಳ ಮೇಲೆ ತಲೆಯಾಡಿಸುವ ಓತಿಕ್ಯಾತನ ಕುಲಕ್ಕೇ ಸೇರಿದುದು. ಗಾಜಿನ ಗೂಡು ಕಿಟಕಿಯ ಬಳಿ ಇದೆ, ಮುಚ್ಚಿದ ಕಿಟಕಿಯಿಂದ ದಿನವೂ ಬಿಸಿಲು ಬೀಳುತ್ತದೆ, ಮೇಲೆ ಪ್ರಖರವಾದ ಶಾಖದ ದೀಪವೂ ಉಂಟು. ಆದರೂ ಅದರ ಮುಂಗಾಲುಗಳು ನಡುಗುತ್ತಿವೆ, ಕೆಳದವಡೆ ಮೆತ್ತಗಾದಂತಿದೆ. ಯಾವ ದೀಪವನ್ನು ಕೊಳ್ಳಬೇಕೆಂಬುದು ಅವರ ಪ್ರಶ್ನೆ.

ಇವು ಎಲುಬು ಸತ್ತ್ವಗುಂದುವುದರ ಚಿಹ್ನೆಗಳು. ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತಡಮಾಡದೆ ತೋರಿಸತಕ್ಕದ್ದು. ಬಾಗಿದ ಎಲುಬನ್ನು ಯಾವ ದೀಪವೂ ನೆಟ್ಟಗೆ ಮಾಡಲಾರದು.

ತಿಂದ ಆಹಾರದೊಳಗಿನ ಸುಣ್ಣದ ಅಂಶವನ್ನು ಮೈಗೂಡಿಸಿಕೊಳ್ಳಲು ಓತಿಗೆ ಡಿ ಜೀವಸತ್ತ್ವ ಬೇಕು. ಅದನ್ನು ತನ್ನ ಚರ್ಮದಲ್ಲಿ ತಯಾರಿಸಿಕೊಳ್ಳಬೇಕಾದರೆ ನೇರಳಾತೀತ ಕಿರಣಗಳ ಪೈಕಿ ಬಿ ವರ್ಗದವು, ಎಂದರೆ ಸುಮಾರು 290ರಿಂದ 315 ನ್ಯಾನೋಮೀಟರ್ ಅಲೆಯುದ್ದದವು, ಮೈಗೆ ತಾಕಬೇಕು. ಇವು ನಮ್ಮ ಕಣ್ಣಿಗೆ ಕಾಣವು. ಕಿಟಕಿಯ ಗಾಜಾದರೋ ಬೆಳಕನ್ನೂ ಶಾಖವನ್ನೂ ಒಳಕ್ಕೆ ಬಿಟ್ಟು ಇವನ್ನು ಮಾತ್ರ ಹೆಚ್ಚುಕಡಿಮೆ ಪೂರ್ತಿಯಾಗಿ ತಡೆದುಬಿಡುತ್ತದೆ. ಸಾಮಾನ್ಯ ಶಾಖದ ದೀಪದಲ್ಲಿ ಇವು ಇಲ್ಲವೆಂದೇ ಹೇಳಬೇಕು. ಆದುದರಿಂದ ಕಣ್ಣು ಕುಕ್ಕುವ ಬೆಳಕಿನಲ್ಲಿ ಕುಳಿತಿದ್ದರೂ ಆ ಪ್ರಾಣಿಗೆ ಬೇಕಾದ ಬಿಸಿಲು ದೊರೆಯುತ್ತಿಲ್ಲ.

ಕೊಳ್ಳಬೇಕಾದುದು ಯುವಿಬಿ ಎಂದು ಸ್ಪಷ್ಟವಾಗಿ ನಮೂದಿಸಿರುವ ಟಿ5 ಬಗೆಯ ನೀಳವಾದ ಕೊಳವೆದೀಪ. ಗೂಡಿನ ಉದ್ದದಲ್ಲಿ ಅರ್ಧಕ್ಕಾದರೂ ಬರಬೇಕು. ಸುರುಳಿಯಾಕಾರದ ಚಿಕ್ಕ ದೀಪಗಳು ಅಗ್ಗವೇನೋ ಹೌದು, ಆದರೆ ಅವುಗಳ ಕಿರಣ ಅಂಗೈಯಗಲದ ಜಾಗಕ್ಕೆ ಮುಗಿದುಹೋಗುತ್ತದೆ. ಪಾದರಸದ ಆವಿಯ ದೀಪಗಳು ಶಾಖವನ್ನೂ ಕಿರಣವನ್ನೂ ಒಟ್ಟಿಗೆ ಕೊಡುತ್ತವೆ. ಸಣ್ಣ ಗೂಡಿಗೆ ಅವು ವಿಪರೀತ ಕಾವು. ‘ಪೂರ್ಣ ಸೂರ್ಯಪ್ರಕಾಶ’ ಎಂಬ ಬರಿಯ ಬಿರುದಿಗೆ ಹಣ ತೆರುವುದು ನಮಗೆ ಸಮ್ಮತವಲ್ಲ.

ಪೆಟ್ಟಿಗೆಯ ಮೇಲಿನ ಶೇಕಡಾ ಅಂಕಿಯನ್ನೂ ಪೂರ್ತಿ ನಂಬಲಾಗದು. ಓತಿಯ ಬೆನ್ನಿಗೆ ತಲಪುವ ಪ್ರಮಾಣವು ದೂರವನ್ನೂ, ದೀಪದ ಹಿಂದಿನ ಪ್ರತಿಫಲಕವನ್ನೂ, ನಡುವಣ ತಂತಿಬಲೆಯನ್ನೂ ಅವಲಂಬಿಸಿದೆ. ಒತ್ತಾದ ಬಲೆ ಮೂರನೆಯ ಒಂದು ಪಾಲನ್ನೋ ಇನ್ನೂ ಹೆಚ್ಚನ್ನೋ ನುಂಗಿಬಿಡಬಲ್ಲುದು. 2010ರಲ್ಲಿ ಗ್ಯಾರಿ ಫರ್ಗುಸನ್ ಮತ್ತು ಅವರ ಸಂಗಡಿಗರು ಕಾಡಿನ ಹಾವು ಹಲ್ಲಿಗಳು ತಾವಾಗಿ ಎಷ್ಟು ಬಿಸಿಲಿಗೆ ಮೈಯೊಡ್ಡುತ್ತವೆಂಬುದನ್ನು ಅಳೆದು, ಅವನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಅನಂತರದ ಬಲ್ಲವರು ಗಡ್ಡದ ಓತಿಯನ್ನು ಮೂರನೆಯದಕ್ಕೆ ಸೇರಿಸಿದ್ದಾರೆ. ಅದು ಮೈಕಾಯಿಸುವ ಕಲ್ಲಿನ ಮೇಲೆ ನೇರಳಾತೀತ ಸೂಚ್ಯಂಕವು 3ರಿಂದ 5ರವರೆಗೆ ಇದ್ದರೆ ಸಾಕು. ಅಳೆಯುವ ಮಾಪಕ ದೀಪಕ್ಕಿಂತ ದುಬಾರಿ. ಓತಿ ಸಾಕುವ ನಾಲ್ಕು ಮನೆಯವರು ಸೇರಿ ಒಂದನ್ನು ಕೊಂಡರೆ ಹೊರೆಯಾಗದು.

ದೀಪವು ನೆತ್ತಿಯ ಮೇಲಿರಬೇಕು, ಪಕ್ಕದಲ್ಲಿ ಕೂಡದು. ಮೇಲಿನಿಂದ ಬೀಳುವ ಕಿರಣಕ್ಕೆ ಹುಬ್ಬಿನ ಏಣು ಕಣ್ಣಿಗೆ ಮರೆಯಾಗುತ್ತದೆ. ಪಕ್ಕದಿಂದ ಬಂದುದಕ್ಕೆ ಮರೆಯಿಲ್ಲ. ಶಾಖದ ದೀಪವನ್ನು ಇದರ ಜೊತೆಯಲ್ಲಿಯೇ ಒಂದು ತುದಿಗಿಟ್ಟು, ಇನ್ನೊಂದು ತುದಿಯಲ್ಲಿ ನೆರಳಿರಲಿ. ಹಗಲು ಸುಮಾರು ಹನ್ನೆರಡು ಗಂಟೆ ಉರಿಸಿ ರಾತ್ರಿ ಆರಿಸತಕ್ಕದ್ದು. ಗೂಡನ್ನು ಕಿಟಕಿಯಿಂದ ದೂರ ಸರಿಸುವುದೂ ಮೇಲು, ಬಿಸಿಲಿಗೆ ಗಾಜಿನ ಪೆಟ್ಟಿಗೆ ಬಾಣಲೆಯಂತೆ ಕಾಯುತ್ತದೆ.

ಇದನ್ನೋದಿ ನಮ್ಮ ನಾಡಿನ ನಕ್ಷತ್ರ ಆಮೆಗೆ ದೀಪ ತರಲು ಹೊರಡುವ ಗೃಹಸ್ಥರಿದ್ದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಮನೆಯಲ್ಲಿ ಸಾಕುವುದೇ ಅಪರಾಧವೆಂದು ತಿಳಿದಿರಲಿ.

ಕೊಳವೆ ಉರಿಯುತ್ತಲೇ ಇದ್ದರೂ ಅದರ ನೇರಳಾತೀತ ಕಿರಣ ತಿಂಗಳು ತಿಂಗಳಿಗೆ ಕುಂದುತ್ತದೆ. ಮಾಪಕವಿಲ್ಲದವರು ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು. ಹಾಕಿದ ದಿನದ ತಾರೀಖನ್ನು ಕೊಳವೆಯ ತುದಿಯಲ್ಲಿಯೇ ಮಗಳ ಕೈಯಿಂದ ಬರೆಸಿಡಿರಿ.