ಅದು ಬಂಜರಲ್ಲ, ಕಾವಲು

ಕಳೆದ ವರ್ಷ ಹಸ್ತ ಮಳೆಗೆ ಮುಂಚೆ ಚಳ್ಳಕೆರೆ ಸೀಮೆಯ ಒಂದು ಕುರುಚಲು ಗುಡ್ಡದಲ್ಲಿ ಕೂತಿದ್ದೆ. ನನ್ನ ಪಿಎಚ್‌.ಡಿ. ಕೆಲಸ ಹೇಳಿಕೊಳ್ಳುವಂಥದ್ದೇನಲ್ಲ. ಕಬ್ಬಿಣದ ಬಳೆಯೊಂದನ್ನು ನೆಲಕ್ಕೆ ಬಡಿದು ಕೂರಿಸಿ, ಒಳಗೆ ನೀರು ಸುರಿದು, ಅದು ಇಂಗಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡುವುದು. ಕುರಿ ಮೇಯಿಸುತ್ತಿದ್ದ ತಾತನೊಬ್ಬ ಹತ್ತಿರ ಬಂದು, "ಏನವ್ವಾ, ನೆಲಕ್ಕೆ ನೀರು ಕುಡಿಸಿ ಎಷ್ಟು ದಾಹ ಐತೆ ಅಂತ ನೋಡ್ತೀಯಾ?" ಎಂದು ನಕ್ಕ. ಬರಿನೆಲದಲ್ಲಿ ಸುರಿದ ನೀರು ಹಾಗೇ ನಿಂತಿತ್ತು. ನಾಲ್ಕು ಹೆಜ್ಜೆ ಆಚೆ, ಬಂದರಿಕೆ ಗಿಡದ ಬುಡದಲ್ಲಿ ಸುರಿದದ್ದು ನಾನು ಬರೆದುಕೊಳ್ಳುವಷ್ಟರಲ್ಲಿ ಮಾಯ. ತಾತನಿಗೆ ಆಶ್ಚರ್ಯವಾಗಲಿಲ್ಲ. "ಗಿಡದ ಬುಡ ಕುಡೀತೈತೆ, ಬೋಳು ನೆಲ ಉಗೀತೈತೆ."

ಈ ವರ್ಷ ಹೋದಾಗ ಆ ಗಿಡಗಳಿರಲಿಲ್ಲ. ಬಂದರಿಕೆ, ತಂಗಡಿ, ಕಾರೆ ಎಲ್ಲವನ್ನೂ ಜೆಸಿಬಿಯಲ್ಲಿ ಕಿತ್ತು ಬದಿಗೆ ರಾಶಿ ಹಾಕಿದ್ದರು. ಸಾಲುಸಾಲು ಗುಂಡಿ, ಗುಂಡಿಗೊಂದು ಸಸಿ. ದಾರಿಬದಿಯ ಫಲಕದಲ್ಲಿ 'ಹಸಿರೀಕರಣ' ಎಂಬ ಪದವಿತ್ತು.

ನನ್ನ ಜಗಳ ಆ ಪದದ ಜೊತೆಗೆ.

ಹವಾಮಾನ ಬದಲಾವಣೆ ಎಂದರೆ ನಮಗೆ ಕರಗುವ ಹಿಮ, ಮುಳುಗುವ ಕರಾವಳಿ. ಪರಿಹಾರ ಎಂದರೆ ಗಿಡ ನೆಡುವುದು. ಕಾಡು ಎಂದರೆ ಮಲೆನಾಡು. ಕನ್ನಡ ಸಾಹಿತ್ಯವೂ ಈ ಕಲ್ಪನೆಯನ್ನು ಧಾರಾಳವಾಗಿ ಪೋಷಿಸಿದೆ. ನಮ್ಮ ಕಾದಂಬರಿಗಳಲ್ಲಿ ಕಾಡು ಯಾವಾಗಲೂ ಒದ್ದೆಯಾಗಿರುತ್ತದೆ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನೆಲಕ್ಕೂ ತನ್ನದೇ ಕಾಡು ಇದೆ, ಅದು ಸೊಂಟದೆತ್ತರ ಬೆಳೆಯುತ್ತದೆ ಎಂಬುದನ್ನು ನಾವು ಒಪ್ಪಿಕೊಂಡೇ ಇಲ್ಲ.

ಸರ್ಕಾರದ ಕಡತವೂ ಒಪ್ಪಿಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣೆಯ ಲೆಕ್ಕದಲ್ಲಿ ಮರಗಳ ನೆರಳು ಶೇ. 10ಕ್ಕಿಂತ ಕಡಿಮೆಯಿರುವ ಅರಣ್ಯಭೂಮಿ 'ಕುರುಚಲು'. ಅದು ಅರಣ್ಯ ಹೊದಿಕೆಯಲ್ಲಿ ಸೇರುವುದಿಲ್ಲ. 2019ರ ಪಾಳುಭೂಮಿ ಅಟ್ಲಾಸ್ ದೇಶದ ಸುಮಾರು ಶೇ. 17ರಷ್ಟು ನೆಲವನ್ನು ಪಾಳು ಎಂದಿತು. ದಟ್ಟ ಕುರುಚಲು, ತೆಳು ಕುರುಚಲು ಎರಡೂ ಆ ಪಟ್ಟಿಯಲ್ಲಿವೆ. ಮುಂದೆ ಗ್ರೀನ್ ಕ್ರೆಡಿಟ್ ಯೋಜನೆ ಬಂತು. ಅದರ 2024ರ ಕ್ರಮದಲ್ಲಿ ಕುರುಚಲು ಭೂಮಿಯೂ ಮರ ನೆಡುವ ಜಾಗ, ಹೆಕ್ಟೇರಿಗೆ ಕನಿಷ್ಠ 1,100 ಮರ. ಮೊದಲು ಹೆಸರು ಕೆಡಿಸು, ಆಮೇಲೆ ಉದ್ಧಾರ ಮಾಡು!

ಈ ಉದ್ಧಾರದಲ್ಲಿ ನಷ್ಟವಾಗುವುದು ನೀರು. ಕುರುಚಲು ನೆಲ ಮಳೆಯನ್ನು ಹಿಡಿಯುವ ಬಗೆ ಹೀಗೆ. ಎಲೆಯ ಮೇಲೆ ಬಿದ್ದ ಹನಿಗಳಲ್ಲಿ ಒಂದು ಪಾಲು ಕಾಂಡದಗುಂಟ ಇಳಿದು ನೇರ ಬೇರಿಗೆ ಹೋಗುತ್ತದೆ. ಬುಡದಲ್ಲಿ ಉದುರಿದ ಎಲೆಗೆ ಗೆದ್ದಲು, ಇರುವೆ ಬರುತ್ತವೆ. ಅವು ಕೊರೆದ ಬಿಲ, ಸತ್ತ ಬೇರು ಬಿಟ್ಟುಹೋದ ಕೊಳವೆ, ಇವೇ ನೀರಿನ ದಾರಿ. ಗಿಡಗಳ ನಡುವಿನ ಬರಿನೆಲವೋ ಮಳೆಹನಿಯ ಹೊಡೆತಕ್ಕೆ ಹೆಪ್ಪುಗಟ್ಟಿರುತ್ತದೆ. ಅಲ್ಲಿಂದ ಹರಿದ ನೀರನ್ನು ಕೆಳಗಿನ ಗಿಡ ತಡೆದು ಕುಡಿಯುತ್ತದೆ. ಸಾವಿರಾರು ಪುಟ್ಟ ಒಡ್ಡುಗಳು, ಗುತ್ತಿಗೆದಾರನಿಲ್ಲದೆ ಕಟ್ಟಿದವು.

ಈ ಒಡ್ಡುಗಳು ಹಿಂದೆಂದಿಗಿಂತ ಈಗ ಬೇಕು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ಆವಿ ಹಿಡಿದಿಡಬಲ್ಲದು. ಹಾಗಾಗಿ ಬಂದರೆ ಒಮ್ಮೆಲೇ ಸುರಿಯುತ್ತದೆ. ಬಾರದಿದ್ದಾಗ ಅದೇ ಗಾಳಿ ನೆಲದ ತೇವವನ್ನು ಹೀರುತ್ತದೆ. 1933ರ ನಂತರ ಕೋಡಿ ಹರಿಯದಿದ್ದ ವಾಣಿವಿಲಾಸ ಸಾಗರ 2022ರಲ್ಲಿ ಹರಿಯಿತು. ಮರುವರ್ಷವೇ ರಾಜ್ಯದ 223 ತಾಲ್ಲೂಕು ಬರಪೀಡಿತ. ಒಂದೇ ಒಂದು ಜೋಡಿ ವರ್ಷದಿಂದ ಹವಾಮಾನವನ್ನು ಅಳೆಯಲಾಗದು, ಗೊತ್ತು. ಆದರೆ ಇಂಥ ಏರಿಳಿತಕ್ಕೆ ನಾವು ಸಿದ್ಧರಾಗಬೇಕಿರುವುದಂತೂ ನಿಜ. ಗಿಡಗಳೂ ಸೋಲುತ್ತಿವೆ: ಬರ ಉದ್ದವಾದರೆ ಎಲೆ ಬೇಗ ಉದುರುತ್ತದೆ, ಎಳೆ ಸಸಿ ಸಾಯುತ್ತದೆ, ಬೋಳು ಹಿಗ್ಗುತ್ತದೆ, ಮುಂದಿನ ಮಳೆ ಮಣ್ಣಿನ ಸಮೇತ ಹಳ್ಳಕ್ಕೆ. ಆ ಹೊತ್ತಿಗೆ ಸರಿಯಾಗಿ ಜೆಸಿಬಿ ಕಳಿಸುವುದು ಎಂಥ ಹವಾಮಾನ ಕ್ರಮ?

"ಹಾಗಾದರೆ ಮರವೇ ಬೇಡವೆ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬುರ್ಕಿನಾ ಫಾಸೊದ ಒಣನೆಲದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. ಅಂತರ್ಜಲ ಹೆಚ್ಚು ತುಂಬುವುದು ಮರಗಳೇ ಇಲ್ಲದ ಕಡೆಯೂ ಅಲ್ಲ, ದಟ್ಟವಾಗಿರುವ ಕಡೆಯೂ ಅಲ್ಲ, ವಿರಳವಾಗಿ ಹರಡಿಕೊಂಡಿರುವಲ್ಲಿ. ದಟ್ಟವಾದರೆ ಇಂಗಿಸಿದ್ದಕ್ಕಿಂತ ಕುಡಿದದ್ದೇ ಹೆಚ್ಚು. ಕೋಲಾರದವರಿಗೆ ಇದನ್ನು ಆಫ್ರಿಕಾದಿಂದ ಕಲಿಸಬೇಕಿಲ್ಲ. ಸಾಮಾಜಿಕ ಅರಣ್ಯದ ಹೆಸರಲ್ಲಿ ನೀಲಗಿರಿ ಹಬ್ಬಿಸಿ, ದಶಕಗಳ ನಂತರ, 2017ರಲ್ಲಿ ಸರ್ಕಾರವೇ ಅದನ್ನು ನೆಡುವುದನ್ನು ನಿಷೇಧಿಸಿತು. ಕುರುಚಲೆಲ್ಲ ಪವಿತ್ರ ಎಂದೂ ನಾನು ಹೇಳುತ್ತಿಲ್ಲ. ಬಳ್ಳಾರಿ ಜಾಲಿ ನುಂಗಿದ ನೆಲ ಬೇರೆ, ಬಂದರಿಕೆ–ತಂಗಡಿಯ ನೆಲ ಬೇರೆ. ಅತಿಯಾಗಿ ಮೇಯಿಸಿ ಬೋಳಾದ ಜಾಗಕ್ಕೆ ಆರೈಕೆ ಬೇಕೇ ಬೇಕು. ಮೇವಿಗೆ ಸರದಿ, ಜಾಲಿ ತೆಗೆಯುವುದು, ಅಲ್ಲಿನದೇ ಕಮರ, ತುಗ್ಗಲಿ ಅಲ್ಲೊಂದು ಇಲ್ಲೊಂದು. ಇದರಲ್ಲಿ ಫೋಟೊ ಚೆನ್ನಾಗಿ ಬರುವುದಿಲ್ಲ, ಅಷ್ಟೇ.

ನಾನೂ ಶಾಲೆಯಲ್ಲಿ ಪರಿಸರ ದಿನಕ್ಕೆ ಗುಂಡಿ ತೋಡಿ ಬಹುಮಾನ ಗಿಟ್ಟಿಸಿದವಳು. ಆ ಗುಂಡಿಯ ಜಾಗದಲ್ಲಿ ಮೊದಲು ಏನಿತ್ತೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಚಿತ್ರದುರ್ಗ ಸೀಮೆಯಲ್ಲಿ ಈ ನೆಲಕ್ಕೊಂದು ಹಳೆಯ ಹೆಸರಿದೆ: ಕಾವಲು. ಅಮೃತಮಹಲ್ ಕಾವಲು ಎಂಬಲ್ಲಿ ಇರುವುದೂ ಅದೇ. ಮೇವಿಗಾಗಿ ಕಾಯ್ದಿಟ್ಟ ನೆಲ. ಚಳ್ಳಕೆರೆಯಲ್ಲಿ ಅಂಥ ಕಾವಲಿನ ಸುಮಾರು 10,000 ಎಕರೆ ರಕ್ಷಣೆ, ವಿಜ್ಞಾನದ ಸಂಸ್ಥೆಗಳಿಗೆ ಹೋಯಿತು. ಖಾಲಿ ಎಂದು ಕಂಡ ಜಾಗ ಕೊಡುವುದು ಸುಲಭ. 'ಬಂಜರು' ಎಂದರೆ ಏನೂ ಇಲ್ಲದ ಜಾಗ. 'ಕಾವಲು' ಎಂದರೆ ಏನೋ ಇದೆ, ಅದನ್ನು ಯಾರೋ ಕಾಯಬೇಕು. ಭಾಷೆಯನ್ನು ಪ್ರೀತಿಸುವ ನಾವು ಕನಿಷ್ಠ ಈ ಎರಡು ಪದಗಳ ವ್ಯತ್ಯಾಸವನ್ನಾದರೂ ಉಳಿಸಿಕೊಳ್ಳಬೇಕು.

ಆ ಗುಡ್ಡದಲ್ಲಿ ಈ ಸಲವೂ ಬಳೆ ಬಡಿದು ನೀರು ಸುರಿದೆ, ಸಸಿಯ ಬುಡದಲ್ಲಿ, ಬಂದರಿಕೆ ಇದ್ದ ಜಾಗದಲ್ಲಿ. ಗಡಿಯಾರ ನೋಡಿ ನೋಡಿ ಸಾಕಾಯಿತು. ನೀರು ಮಾತ್ರ ಕೆಳಗಿಳಿಯಲಿಲ್ಲ.